ಹನ್ನೊಂದನೇ ಕೋಣೆಗೆ ಮೂರು ಅಂಕ

ಆ ಕುರ್ಚಿ ಬೇಡ ಪುಟ್ಟಿ, ಅದರ ಒಂದು ಕಾಲು ಮೋಸ. ಈ ಕಡೆ ಬಾ. ಪೇಪರ್ ಕಟ್ಟು ಕೆಳಗಿಡು, ಪರವಾಗಿಲ್ಲ, ಎಲ್ಲ ನನ್ನವೇ, ಈ ಪತ್ರಿಕೆಗೆ ಹೆಣೆದ ಇಪ್ಪತ್ತಾರು ವರ್ಷದ ಪದಬಂಧ. ಹಾಂ... ಈಗ ಹೇಳು, ಏನ್ ಹೇಳ್ತಿದ್ದೆ?

ಓ, ನಾನೇ ಹೇಳ್ತಿದ್ನಾ. ಸರಿ. ಎಲ್ಲಿಗೆ ಬಂದಿದ್ದೆ... ವಿಮರ್ಶೆ. ನಿಮ್ಮ ಕಂಪನಿ ಆಟಕ್ಕೆ ನಾನು ಹತ್ತಕ್ಕೆ ಮೂರು ಕೊಟ್ಟ ವಿಮರ್ಶೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಬಿಡ್ತೀನಿ. ಅದು ನೀನು ಮಾಡಿದ ಆಟ ಅಂತ ನಂಗೆ ಗೊತ್ತಿರ್ಲಿಲ್ಲ. ಡಬ್ಬಿ ಮೇಲೆ ಕಂಪನಿ ಹೆಸರಿತ್ತು. 'ಇಪ್ಪತ್ತು ಕೋಣೆ' ಅಂತ ಆಟದ ಹೆಸರಿತ್ತು. ಹಿಂದೆ, ಮಕ್ಕಳು ಬ್ಯಾಟರಿ ನುಂಗದಂತೆ ನೋಡಿಕೊಳ್ಳಿ ಅಂತ ಇತ್ತು. ನಿನ್ನ ಹೆಸರು ಎಲ್ಲೂ ಇರ್ಲಿಲ್ಲ. ನಾನೇನು ಕನಸು ಕಾಣ್ಲಾ? ನೀನು ಕಂಪ್ಯೂಟರ್ ಕೆಲಸ ಅಂದಿದ್ದೆ. ಕಂಪ್ಯೂಟರ್ ಕೆಲಸ ಅಂದ್ರೆ ಬ್ಯಾಂಕಲ್ಲೂ ಮಾಡ್ತಾರೆ, ಆಸ್ಪತ್ರೆಲೂ ಮಾಡ್ತಾರೆ. ಬಸ್ಸಲ್ಲಿ ಮೂರು ಸ್ಟಾಪ್ ದೂರ ಇದ್ಕೊಂಡು ಎರಡು ತಿಂಗಳಿಗೊಂದು ಸಲ ಮನೆಗೆ ಬರ್ತೀಯ, ಬಂದ್ರೂ ತುಟಿ ಪಿಟಕ್ ಅನ್ನಲ್ಲ. ನಾನೊಬ್ಬನೇ ಮಾತಾಡ್ಬೇಕು.

ಯಾಕೆ ಹಾಗೆ ನೋಡ್ತೀಯ?

ಅದ್ಯಾಕೆ ಬ್ಯಾಗಿಂದ ತೆಗ್ದೆ? ಒಳಗಿಡು ಅದನ್ನ. ನಾನು ನೋಡಿರೋ ಆಟದ ಮಷೀನೇ ತಾನೆ, ಎರಡು ವಾರ ಇದೇ ಮೇಜಿನ ಮೇಲಿತ್ತು... ಸರಿ, ಇರ್ಲಿ ಬಿಡು. ಆನ್ ಮಾತ್ರ ಮಾಡ್ಬೇಡ.

ಮಾಡಿದೆ.

ಹನ್ನೊಂದನೇ ಕೋಣೆಗೇ ಹಾಕಿದೀಯ. ಬೇರೆ ಕೋಣೆ ಸಿಗಲಿಲ್ವಾ ನಿಂಗೆ? ಮೂರನೇದು ಚೆನ್ನಾಗಿದೆ. ಆ ಬೀಗ, ಬೀಗದೊಳಗೆ ಇನ್ನೊಂದು ಬೀಗ. ಅದನ್ನ ನಾನು ಒಂದೇ ಏಟಿಗೆ ಬಿಡಿಸ್ದೆ. ಆರನೇದಕ್ಕೆ ಒಂದು ಮಧ್ಯಾಹ್ನ ಹಿಡೀತು. ಹತ್ತರವರೆಗೂ ನಂಗೆ ಯಾವ ತಕರಾರೂ ಇಲ್ಲ.

ನಿಮ್ಮಮ್ಮ ಬೆಳಿಗ್ಗೆ ಎಲ್ಲ ಹೇಳಿದ್ಲು. ಐದು ಪತ್ರಿಕೆ ಅಂಕ ಕೊಟ್ಟಿವೆ. ಎಂಟು, ಒಂಬತ್ತು, ಒಂಬತ್ತು, ಎಂಟು. ಮತ್ತೆ ನಮ್ಮ ವಾರಪತ್ರಿಕೆ, ಹೋದ ಸಂಚಿಕೇಲಿ, ಮೂರು. ಕೂಡಿದ್ರೆ ಮೂವತ್ತೇಳು, ಐದರಿಂದ ಭಾಗಿಸಿದ್ರೆ ಏಳು ಪಾಯಿಂಟ್ ನಾಲ್ಕು. ನಿಮ್ಮ ಕಂಪನಿಗೆ ಏಳೂವರೆ ಬೇಕಂತೆ. ಏಳೂವರೆ ಆದ್ರೆ ನಿಂಗೆ ಎರಡನೇ ಭಾಗ ಮಾಡೋಕೆ ಬಿಡ್ತಾರೆ, ಆಗದಿದ್ರೆ ಕಾರ್ ರೇಸ್ ವಿಭಾಗಕ್ಕೆ ಹಾಕಿ ಟೈರಿನ ಸದ್ದು ಮಾಡಿಸ್ತಾರೆ. ನಾಡಿದ್ದು ತೀರ್ಮಾನ. ಈ ವಾರದ ನಮ್ಮ ಪುಟ ಇವತ್ತು ನಾಲ್ಕು ಗಂಟೆಗೆ ಪ್ರೆಸ್ಸಿಗೆ ಹೋಗತ್ತೆ, ನಾಳೆ ಹೊರಗೆ ಬರತ್ತೆ. ಈಗ ಮೂರೂಕಾಲು. ಲೆಕ್ಕ ನಂಗೂ ಬರತ್ತೆ ಕಣಮ್ಮ.

ಆದ್ರೆ ಅಂಕ ಜಾಸ್ತಿ ಮಾಡು ಅಂತ ನೀನು ಕೇಳ್ಬಾರ್ದು.

ಕೇಳ್ತಿಲ್ಲ. ಸರಿ. ಕೇಳಿಲ್ಲ ಅಂತ ನಾನೂ ಒಪ್ಕೊಂಡೆ. ಹಾಗಾದ್ರೆ ಬಂದಿದ್ಯಾಕೆ? ಟೀ ಕುಡೀತೀಯಾ? ಈ ಆಫೀಸಲ್ಲಿ ಟೀ ಚೆನ್ನಾಗಿರಲ್ಲ. ಬೇಡ.

ನೋಡು, ಈ ಕೆಲಸ ನಾನು ಕೇಳಿ ಇಸ್ಕೊಂಡಿದ್ದಲ್ಲ. ಸಂಪಾದಕರು ಈ ಬಾಗಿಲಲ್ಲೇ ನಿಂತು, "ಒಗಟಿನ ಆಟವಂತೆ, ಒಗಟು ಅಂದ್ರೆ ನೀವೇ" ಅಂದು ಡಬ್ಬಿ ಇಟ್ಟು ಹೋದ್ರು. ನನಗೂ ಅನ್ನಿಸ್ತು, ಇಪ್ಪತ್ತಾರು ವರ್ಷ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಹೆಣೆದವನು, ಈ ಅಂಗೈಯಗಲದ ಪೆಟ್ಟಿಗೆಗೆ ಹೆದರ್ತೀನಾ ಅಂತ. ಕನ್ನಡಕ ಒರೆಸ್ಕೊಂಡು ಕೂತೆ. ಪ್ರಾಮಾಣಿಕವಾಗಿ ಆಡಿದೆ. ಪ್ರಾಮಾಣಿಕವಾಗಿ ಬರೆದೆ. ಓದ್ಲಾ? ಓದ್ತೀನಿ ಕೇಳು. "ಹನ್ನೊಂದನೇ ಕೋಣೆಯಲ್ಲಿ ಮೇಜಿನ ಮೇಲಿರುವ ದೀಪ ವಿನಾಕಾರಣ ಅಲುಗುತ್ತದೆ. ಇದು ತಾಂತ್ರಿಕ ದೋಷ. ಮೇಜಿನ ತುದಿಯಲ್ಲಿ ಕುಳಿತ ಮುದುಕನ ಪಾತ್ರ ಅಸಹಜ. ಇಷ್ಟು ಮಾತಾಡುವ ಮನುಷ್ಯ ಲೋಕದಲ್ಲಿ ಇರಲಾರ. ಇಪ್ಪತ್ತನೆಯ ಕೋಣೆ ನಿರೀಕ್ಷೆಯನ್ನು ಹುಸಿಗೊಳಿಸುತ್ತದೆ."

ಏನು, ನಗ್ತಿದೀಯಾ? ಇಲ್ವಾ. ನಕ್ಕ ಹಾಗಿತ್ತು.

ಇಪ್ಪತ್ತನೇ ಕೋಣೆ ನೋಡಿದೀನಿ. ನೋಡದೇ ಬರೀತೀನಾ? ಅದು... ಕೋಣೆ. ನಾಲ್ಕು ಗೋಡೆ. ಒಂದು ಕಿಟಕಿ.

ಕಿಟಕಿ ಇಲ್ಲ?

ಗೋಡೆ?

ಗೋಡೆನೂ ಇಲ್ಲ. ಇಪ್ಪತ್ತನೇದು ಕೋಣೆನೇ ಅಲ್ವಾ ಹಾಗಾದ್ರೆ? ಬಯಲಾ? 'ಇಪ್ಪತ್ತು ಕೋಣೆ' ಅಂತ ಹೆಸರಿಟ್ಟು ಬಯಲು ತೋರ್ಸಿದ್ರೆ ಅದು ಮೋಸ ಅಲ್ವಾ? ಅದನ್ನೇ ನಾನು ನಿರೀಕ್ಷೆ ಹುಸಿ ಅಂದಿದ್ದು. ಸರಿಯಾಗೇ ಬರೆದಿದೀನಿ.

ಸರಿ. ನೋಡಿಲ್ಲ. ಹೀಗೆ ಕಣ್ಣಲ್ಲಿ ಕಣ್ಣಿಟ್ಟು ಕೂತ್ರೆ ಗೋಡೆನೂ ಬಾಯಿ ಬಿಡತ್ತೆ. ನೋಡಿಲ್ಲ ಕಣಮ್ಮ. ಅನ್ನ ಬೆಂದಿದ್ಯಾ ಅಂತ ತಿಳಿಯೋಕೆ ಒಂದು ಅಗುಳು ಹಿಸುಕಿದ್ರೆ ಸಾಕು, ಇಡೀ ಪಾತ್ರೆ ತಿನ್ಬೇಕಾ? ನಾನು ಹನ್ನೊಂದು ಅಗುಳು ಹಿಸುಕಿದೆ. ಹನ್ನೊಂದನೇದು ಬೇಯಲಿಲ್ಲ.

ಬಾಗಿಲು ತೆರೀಲಿಲ್ಲ ಅಂದೆ. ಏನ್ ಮಾಡಿದ್ರೂ ತೆರೀಲಿಲ್ಲ. ದೀಪ ಮುಟ್ಟಿದೆ, ತಟ್ಟೆ ಮುಟ್ಟಿದೆ, ಮುದುಕನ ತಲೆ ಮುಟ್ಟಿದೆ. ಅವನ ಬಾಯಿಂದ ಮಾತಿನ ಗುಳ್ಳೆಗಳು ಒಂದರ ಮೇಲೊಂದು ಬರ್ತಾನೇ ಇದ್ವು, ಒಂದಕ್ಕೂ ತಲೆ ಇಲ್ಲ ಬಾಲ ಇಲ್ಲ. ಆ ಕಡೆ ತುದೀಲಿ ಒಂದು ಪುಟ್ಟ ಹುಡುಗಿ, ಮುಂದೆ ತಟ್ಟೆ ಇಟ್ಕೊಂಡು ಸುಮ್ನೆ ಕೂತಿರ್ತಾಳೆ. ಗುಳ್ಳೆಲಿರೋ ಅಕ್ಷರಗಳನ್ನ ಬಲದಿಂದ ಎಡಕ್ಕೆ ಓದಿದೆ. ಮೂರಕ್ಷರ ಬಿಟ್ಟು ಮೂರಕ್ಷರ ಓದಿದೆ. ಗಟ್ಟಿಯಾಗೇ ಓದಿದೆ, ನಂಗೆ ಹಾಗೇ ಅಭ್ಯಾಸ, ಪದಬಂಧ ಹೆಣೆಯೋವಾಗ ಒಂದೊಂದು ಅಕ್ಷರ ಬಾಯಲ್ಲಿ ಹೇಳ್ಕೊಂಡು ಬೆರಳಲ್ಲಿ ಎಣಿಸ್ಬೇಕು. ನಾನು ಓದಿದಷ್ಟೂ ದೀಪ ಅಲುಗ್ತಿತ್ತು. ದೀಪ ಕೆಟ್ಟಿದೆ ಅಂತ ಬರೆದೆ. ಯಾರಾದ್ರೂ ಹಾಗೇ ಬರೀತಿದ್ರು.

ಮಿಕ್ಕ ನಾಲ್ವರು ಬರೀಲಿಲ್ಲ, ನಿಜ.

ಅವರದ್ದೂ ಓದಿದೀನಿ, ಕತ್ತರಿಸಿ ಈ ಫೈಲಲ್ಲಿಟ್ಟಿದೀನಿ. ಸಂಜೆ ಪತ್ರಿಕೆಯವನು ಏನ್ ಬರೆದಿದಾನೆ ಗೊತ್ತಾ? "ಹನ್ನೊಂದನೇ ಕೋಣೆ ಮುಗಿಸಿ ನಾನು ಎದ್ದು ಬಾಲ್ಕನಿಗೆ ಹೋಗಿ ನಿಂತೆ." ಬಾಲ್ಕನಿಗೆ ಹೋಗೋದು ವಿಮರ್ಶೆನಾ? ನಮ್ಮ ಪಕ್ಕದ ಮನೆಯವನು ದಿನಾ ಹೋಗಿ ನಿಲ್ತಾನೆ. ಮಾಸಪತ್ರಿಕೆಯವಳು, "ಈ ಕೋಣೆಯಲ್ಲಿ ಯಂತ್ರ ನಿಮ್ಮನ್ನು ಕೇಳಿಸಿಕೊಳ್ಳುತ್ತಿರುತ್ತದೆ, ಒಂದು ನಿಮಿಷ ಸುಮ್ಮನಿದ್ದು ನೋಡಿ" ಅಂತ ಗುಟ್ಟು ಬಿಟ್ಟುಕೊಟ್ಟಿದಾಳೆ. ಆಮೇಲೆ, "ಆ ಹುಡುಗಿ ಹೇಳುವ ಮಾತನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ" ಅಂತೆ. ಬರೆಯೋದೇ ಕೆಲಸ, ಅದನ್ನೇ ಬರೆಯಲ್ಲ. ಇವರೆಲ್ಲ ನನ್ನ ಕೈಕೆಳಗಿದ್ದಿದ್ರೆ...

ಹೌದು, ಆಗ ಗೊತ್ತಾಯ್ತು. ಈ ಅಂಚಲ್ಲಿರೋ ಸೂಜಿಮೊನೆಯಷ್ಟು ತೂತು, ಅದು ಮೈಕು. ನಾನು ಮಾತಾಡಿದ್ರೆ ಮುದುಕ ಮಾತಾಡ್ತಾನೆ. ನಾನು ಒಂದು ನಿಮಿಷ ಬಾಯಿ ಮುಚ್ಚಿದ್ರೆ ಅವನೂ ಮುಚ್ತಾನೆ, ಹುಡುಗಿ ಏನೋ ಹೇಳ್ತಾಳೆ, ಬಾಗಿಲು ತೆರೆಯತ್ತೆ. ಸುಮ್ಮನಿರು, ನಾಲ್ಕಕ್ಷರ. ಮೌನ, ಎರಡಕ್ಷರ. ಒಗಟಿನ ಮಟ್ಟಿಗೆ ತಪ್ಪಿಲ್ಲ. ನಂಗೆ ಮೊದಲೇ ಹೊಳೆದಿದ್ದಿದ್ರೆ... ಇರ್ಲಿ.

ನೋಡು, ಈಗಲೂ ಅಲುಗ್ತಿದೆ. ಆರಿಸ್ಬಾರ್ದಾ ಅದನ್ನ?

ಆದ್ರೆ ಇದರಲ್ಲಿ ಸ್ವಂತ ವಿಷಯ ಏನೂ ಇಲ್ಲ, ಅದನ್ನ ತಲೇಲಿಟ್ಕೋ. ನಂಗೆ ಬೇಜಾರಾಗಿ ಮೂರು ಕೊಟ್ಟೆ ಅಂತ ನಿಮ್ಮಮ್ಮ ಹೇಳಿದ್ರೆ ನಂಬಬೇಡ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಪೈಕಿ ನಾನಲ್ಲ. ಮೇಜಿನ ತುದೀಲಿ ಒಬ್ಬ ಮುದುಕ ಕೂತಿದ್ರೆ ನಂಗೇನು? ಮುದುಕರು ಮೇಜಿನ ತುದೀಲೇ ಕೂರೋದು. ಜೇಬಲ್ಲಿ ಮೂರು ಪೆನ್ನು ಇದ್ರೆ ಏನು, ಒಂದು ಕೆಂಪು, ಒಂದು ನೀಲಿ, ಒಂದು ಮುಚ್ಚಳ ಕಳಕೊಂಡಿದ್ದು...

ನನ್ನ ಜೇಬು ಯಾಕೆ ನೋಡ್ತೀಯ?

ಲೋಕದಲ್ಲಿ ಇನ್ಯಾರೂ ಮೂರು ಪೆನ್ನು ಇಟ್ಕೊಳ್ಳಲ್ವಾ?

ಕಾಣತ್ತೆ. ಮುಚ್ಚಳ ಕಾಣತ್ತೆ. ಮುದುಕ ಇರೋದು ಅರ್ಧ ಬೆರಳುದ್ದ, ಪೆನ್ನು ಇರುವೆ ಕಾಲಷ್ಟು, ಆದ್ರೂ ಕಾಣತ್ತೆ. ಭೂತಗನ್ನಡಿ ಇಟ್ಟು ನೋಡಿದ್ರೆ ಕಾಣತ್ತೆ.

ಹೌದು, ಇಟ್ಟು ನೋಡಿದೆ.

ಸುಮ್ನೆ ನೋಡಿದೆ. ವಿಮರ್ಶಕ ಅಂದ್ಮೇಲೆ...

ಸರಿ ಪುಟ್ಟಿ. ಗೊತ್ತಿತ್ತು. ಹನ್ನೊಂದನೇ ಕೋಣೆ ತೆರೆದ ಕ್ಷಣಕ್ಕೇ ಗೊತ್ತಾಯ್ತು. ಗೋಡೆ ಬಣ್ಣ ನಮ್ಮ ಮನೇದು. ಆ ಮೇಜಿನ ಬಟ್ಟೆ ನಿಮ್ಮಮ್ಮ ಅಂಚು ಹೊಲಿದಿದ್ದು. ಮುದುಕ ಕೈ ಎತ್ತಿ ಮಾತಾಡೋ ರೀತಿ ಯಾರದ್ದು ಅಂತ ಹೇಳೋಕೆ ನಂಗೆ ಕನ್ನಡಿ ಬೇಕಾ? ನಂಗೆ ನೋವಾಯ್ತು. ಹೇಳ್ಬಿಡ್ತೀನಿ, ತುಂಬಾ ನೋವಾಯ್ತು. ಸ್ವಂತ ಮಗಳು ಅಪ್ಪನ್ನ ಅರ್ಧ ಬೆರಳುದ್ದ ಮಾಡಿ ಡಬ್ಬಿಗೆ ಹಾಕಿ ಊರೂರಿಗೆ ಹಂಚಿದಾಳೆ ಅಂತ. ಅದನ್ನ ನೋಡಿ ಎಲ್ಲೋ ಒಬ್ಬ ಎದ್ದು ಬಾಲ್ಕನಿಗೆ ಹೋಗ್ತಾನೆ ಅಂತ.

ನಾನೇನು ಅಷ್ಟು ಕೆಟ್ಟದಾಗಿ ನಡ್ಕೊಂಡೆ? ಊಟದ ಹೊತ್ತಲ್ಲಿ ನಿಂಗೆ ಒಗಟು ಕೇಳ್ತಿದ್ದೆ. ಬೇರೆ ಅಪ್ಪಂದಿರು ಪೇಪರ್ ಹಿಂದೆ ಮುಖ ಮುಚ್ಕೊಂಡು ತಿಂತಿದ್ರು, ನಾನು ಮಗಳ ಜೊತೆ ಮಾತಾಡ್ತಿದ್ದೆ. ನೀನು ಯೋಚನೆ ಮಾಡ್ತಿದ್ದೆ. ನಾನು ಉತ್ತರ ಹೇಳ್ಬಿಡ್ತಿದ್ದೆ, ಮಗು ಕಷ್ಟಪಡಬಾರ್ದು ಅಂತ. ಆಮೇಲೆ ಆ ಉತ್ತರ ಯಾಕೆ ಸರಿ ಅಂತ ವಿವರಿಸ್ತಿದ್ದೆ. ಆಮೇಲೆ ಇನ್ನೊಂದು ಒಗಟು. ಮೂಕ ಮಗು ಅಂತ ನೆಂಟರು ಅಂದ್ರೆ ನಾನೇ ನಿನ್ನ ಪರವಾಗಿ ಜಗಳ ಆಡಿದೀನಿ. ಇವಳು ಮೂಕಿ ಅಲ್ಲ, ಕೇಳಿಸಿಕೊಳ್ಳೋ ಜಾತಿ ಅಂತ.

ಹೂಂ. ಹಾಗಂದಿದ್ದೂ ನಾನೇ.

ಸರಿ, ಮೂರು ಅಂಕ ಸಿಟ್ಟಲ್ಲಿ ಕೊಟ್ಟಿದ್ದಲ್ಲ, ಅದನ್ನ ಮಾತ್ರ ನಂಬು. ಬಾಗಿಲು ತೆರೀಲಿಲ್ಲ, ಅದಕ್ಕೆ ಕೊಟ್ಟೆ. ಗುಟ್ಟು ಗೊತ್ತಾದ್ಮೇಲೂ ಪ್ರಯತ್ನ ಮಾಡಿದೆ. ವಿಮರ್ಶೆ ಅಚ್ಚಾಗೋಕೆ ಇನ್ನೂ ಎರಡು ದಿನ ಇತ್ತು, ಬೇಕಿದ್ರೆ ತಿದ್ದಬಹುದಿತ್ತು, ಅಷ್ಟು ಪ್ರಾಮಾಣಿಕತೆ ನಂಗೂ ಇದೆ. ಬಾಗಿಲು ಹಾಕ್ಕೊಂಡೆ, ಫೋನ್ ಎತ್ತಿ ಪಕ್ಕಕ್ಕಿಟ್ಟೆ, ಆ ಗಡಿಯಾರ ನೋಡ್ಕೊಂಡು ಕೂತೆ. ಮೊದಲ್ನೇ ಸಲ ಹತ್ತು ಸೆಕೆಂಡಿಗೇ "ನೋಡೋಣ" ಅಂದ್ಬಿಟ್ಟೆ. ಎರಡನೇ ಸಲ ಇಪ್ಪತ್ತೈದಾಯ್ತು, ಖುಷಿಗೆ "ಭೇಷ್" ಅಂದೆ. ಆಮೇಲೆ ಬಾಯಲ್ಲಿ ಕರವಸ್ತ್ರ ಕಚ್ಕೊಂಡೆ. ಸುಳ್ಳಲ್ಲ, ಐವತ್ತೆಂಟರವರೆಗೂ ಹೋದೆ. ಮುದುಕ ಸುಮ್ಮನಾದ. ದೀಪ ಒಂದು ಚೂರೂ ಅಲುಗಲಿಲ್ಲ. ಹುಡುಗಿ ತಲೆ ಎತ್ತಿದ್ಲು, ಬಾಯಿ ತೆರೆದ್ಲು... ಅಷ್ಟರಲ್ಲಿ ನಂಗೆ ಕೆಮ್ಮು ಬಂತು.

ಧೂಳು. ಈ ಕಟ್ಟುಗಳ ಧೂಳು. ಮತ್ತೆ ಮಾಡಿದೆ, ಮತ್ತೆ ಐವತ್ತೆಂಟಕ್ಕೆ ಕೆಮ್ಮು. ಮೂರನೇ ಸಲವೂ ಐವತ್ತೆಂಟಕ್ಕೆ... ನನ್ನ ಹಣೆಬರಹ ಅಂದ್ಕೊಂಡು ಬಿಟ್ಟೆ.

ಏನು?

ಧೂಳು ಅಂದ್ನಲ್ಲ.

ಗಡಿಯಾರ ಯಾಕೆ ನೋಡ್ತೀಯ? ಹೊತ್ತಾಯ್ತಾ? ಮೂರೂಮುಕ್ಕಾಲು.

ಗೊತ್ತು. ಧೂಳು ಗಡಿಯಾರ ನೋಡ್ಕೊಂಡು ಬರಲ್ಲ.

ನಾನೇ ಕೆಮ್ಮಿದೆ.

ಬೇಕಂತಲೇ ಕೆಮ್ಮಿದೆ ಪುಟ್ಟಿ. ಮೂರು ಸಲವೂ. ನಂಗೆ ಹೆದರಿಕೆ ಆಯ್ತು. ಆ ಹುಡುಗಿ ಬಾಯಿ ತೆರೆದಾಗ ಅವಳು ಏನ್ ಹೇಳ್ತಾಳೋ ಅಂತ. ಇಷ್ಟು ವರ್ಷ ಕೂಡಿಟ್ಟಿದ್ದನ್ನೆಲ್ಲ ಒಂದೇ ಸಲ ಹೇಳಿದ್ರೆ? ನಿಮ್ಮಿಂದ ನನ್ನ ಜೀವನ ಹಾಳಾಯ್ತು ಅಂದ್ರೆ? ಹಾಗೆ ಅಂದ್ರೆ ನಾನು ಆಮೇಲೆ ಎಲ್ಲಿಗೆ ಹೋಗ್ಲಿ, ನಮ್ಮ ಮನೆಗೆ ಬಾಲ್ಕನಿನೂ ಇಲ್ಲ. ಅದಕ್ಕೇ ಕೆಮ್ಮಿದೆ. ಕೆಮ್ಮಿ, ಆಟದಲ್ಲಿ ದೋಷ ಇದೆ ಅಂತ ಬರೆದಿದ್ದನ್ನ ಹಾಗೇ ಬಿಟ್ಟೆ.

ಏನಾದ್ರೂ ಅನ್ನು. ಬೈ ಬೇಕಾದ್ರೆ.

ಫೋನ್ ಈ ಕಡೆ ಕೊಡು. ಇಲ್ಲ, ಅದಲ್ಲ, ಆ ಕಪ್ಪು ಫೋನು.

ಹಲೋ, ಪುಟ ಕಟ್ಟೋ ಮೇಡಮ್ಮಾ? ನಾನು, ಪದಬಂಧ. ಇನ್ನೂ ಕಳಿಸಿಲ್ಲ ತಾನೆ? ಒಂದು ತಿದ್ದುಪಡಿ ಇದೆ, ಬರ್ಕೊಳ್ಳಿ. "ಕಳೆದ ಸಂಚಿಕೆಯ 'ಇಪ್ಪತ್ತು ಕೋಣೆ' ವಿಮರ್ಶೆಯ ಬಗ್ಗೆ. ವಿಮರ್ಶಕರು ಹನ್ನೊಂದನೇ ಕೋಣೆಯಿಂದ ಆಚೆಗೆ ಹೋಗಿಲ್ಲ. ಇಪ್ಪತ್ತನೆಯದನ್ನು ನೋಡಿಲ್ಲ. ದೀಪದಲ್ಲಿ ಯಾವ ದೋಷವೂ ಇಲ್ಲ." ಹೂಂ, ದೀಪ. ದೀಪಕ್ಕೆ ದೀರ್ಘ. "ಮುದುಕನ ಪಾತ್ರ ಅಸಹಜವಲ್ಲ. ಆಟ ರಚಿಸಿದವರು ವಿಮರ್ಶಕರ ಮಗಳು; ಬರೆಯುವಾಗ ವಿಮರ್ಶಕರಿಗೆ ಇದು ಗೊತ್ತಿತ್ತು. ಕೊಟ್ಟ ಅಂಕಗಳನ್ನು ಹಿಂಪಡೆಯಲಾಗಿದೆ." ಇಲ್ಲ, ಹೊಸ ಅಂಕ ಇಲ್ಲ. ಮಗಳಿಗೆ ಅಪ್ಪ ಅಂಕ ಹಾಕ್ಬಾರ್ದು. ಮೂರೂ ಹಾಕ್ಬಾರ್ದು, ಹತ್ತೂ ಹಾಕ್ಬಾರ್ದು. ಜಾಗ ಇಲ್ವಾ? ನನ್ನ ಫೋಟೊ ತೆಗೀರಿ. ಸಂಪಾದಕರು ಕೇಳಿದ್ರೆ ನನ್ನ ಹತ್ರ ಕಳಿಸಿ. ಇಲ್ಲ ಮೇಡಂ, ನಂಗೆ ಹುಷಾರಾಗೇ ಇದೆ.

ಕೆಮ್ಮಿನ ವಿಷಯ ಹಾಕಿಸಲಿಲ್ಲ. ಅದು ನಮ್ಮಲ್ಲೇ ಇರ್ಲಿ.

ಈಗ ನಾಲ್ಕೇ ಪತ್ರಿಕೆ, ಎಂಟೂವರೆ ಸರಾಸರಿ. ಟೈರಿನ ಸದ್ದು ಬೇರೆ ಯಾರಾದ್ರೂ ಮಾಡ್ಲಿ. ಸಂಪಾದಕರು ನನ್ನ ಕೈಯಿಂದ ವಿಮರ್ಶೆ ಕಿತ್ಕೋತಾರೆ, ಪದಬಂಧ ಬಿಡ್ತಾರೋ ಇಲ್ವೋ ನೋಡ್ಬೇಕು. ಇರ್ಲಿ. ಇಷ್ಟಾಯ್ತಲ್ಲ, ಈಗಲಾದ್ರೂ ಹೇಳು. ಏನಂತಾಳೆ ಆ ಹುಡುಗಿ?

ಹೇಳಲ್ವಾ.

ಓ.

ಅದೂ ಸರಿಯೇ. ಈ ಕಡೆ ತಿರುಗಿಸು. ಇನ್ನೂ ಸ್ವಲ್ಪ. ಗಡಿಯಾರ ನೋಡಲ್ಲ, ಕರವಸ್ತ್ರನೂ ಬೇಡ. ಶುರು ಮಾಡೋ ಮುಂಚೆ ಒಂದೇ ಒಂದು ಮಾತು...

ಇಲ್ಲ. ಏನಿಲ್ಲ.

. . . . . . . . . .

. . . . . . . . . .

. . . . . . . . . .

"ಅಪ್ಪಾ, ಸ್ವಲ್ಪ ಉಪ್ಪು."

ಉಪ್ಪಾ?

ಮುಂದೆ? ಇದನ್ನ ಒತ್ಬೇಕಾ? ಮುಗೀತಾ? ಬಾಗಿಲು ತೆರೆದಿದೆ, ಅವಳು ತಟ್ಟೆ ಎತ್ಕೊಂಡು ಹೊರಟೇ ಹೋದ್ಲು. ಇಷ್ಟೇನಾ ಅವಳು ಹೇಳೋದು? ನಾನು ಏನೇನೋ ಅಂದ್ಕೊಂಡು... ಇದಕ್ಕಾ ಅವನು ಬಾಲ್ಕನಿಗೆ ಹೋಗಿದ್ದು?

ನನ್ನ ಬಿಪಿ ಅಂತ ನಿಮ್ಮಮ್ಮ ಅಡಿಗೆಗೆ ಉಪ್ಪು ಕಮ್ಮಿ ಹಾಕ್ತಿದ್ಲು. ಬೇಕಾದವರು ಹಾಕ್ಕೊಳ್ಳಿ ಅಂತ ಡಬ್ಬಿ ಮೇಜಿನ ಮೇಲೆ ಇಡ್ತಿದ್ಲು. ಪದಬಂಧದ ಹಾಳೆ ಫ್ಯಾನಿಗೆ ಹಾರದ ಹಾಗೆ ನಾನು ಅದನ್ನ ಎಳ್ಕೊಂಡು ಹಾಳೆ ಮೇಲೆ ಇಟ್ಕೋತಿದ್ದೆ. ನಿನ್ನ ಕೈಗೆ ಎಟುಕ್ತಿರ್ಲಿಲ್ಲ, ಅಲ್ವಾ? ನೀನು ಅರ್ಧ ತಟ್ಟೆ ಬಿಟ್ಟು ಏಳ್ತಿದ್ದೆ. ಮಗುಗೆ ಊಟ ಸೇರಲ್ಲ ಅಂತ ಡಾಕ್ಟರ ಹತ್ರ ಕರ್ಕೊಂಡು ಹೋದ್ವಿ. ಅವರು ನಿನ್ನನ್ನ ಕೇಳಿದ್ರು, ಯಾಕಮ್ಮಾ ತಿನ್ನಲ್ಲ ಅಂತ. ಅಲ್ಲೂ ಉತ್ತರ ನಾನೇ ಹೇಳಿದೆ.

ಒಂದೆರಡು ದಿನ ಹಾಗಾಗಿರ್ಬೇಕು ಅಷ್ಟೇ, ಅಲ್ವಾ ಪುಟ್ಟಿ?

ಒಂದೆರಡು ವಾರ?

ದಿನಾನಾ?